ಅಳಿಸಿದ ಫೈಲ್ ಮತ್ತೆ ಸಿಗಬಾರದೆಂದರೆ: ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದಾಯಿತು, ರೀಸೈಕಲ್ ಬಿನ್ ಖಾಲಿ ಮಾಡಿದ್ದಾಯಿತು, ಕೊನೆಗೆ ಡ್ರೈವನ್ನೇ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದೂ ಆಯಿತು. ಆದರೂ ರಿಕುವಾದಂಥ ಪುಕ್ಕಟೆ ತಂತ್ರಾಂಶವೊಂದು ಆ ಫೈಲನ್ನು ಎತ್ತಿ ಕೈಗೆ ಕೊಡುತ್ತದೆ. ಫೈಲಿನ ಮೇಲೆ ಬೇರೇನೋ ಬರೆದು ಅಳಿಸುವ ಶ್ರೆಡರ್ ತಂತ್ರಾಂಶ ಬಳಸಿದವರಲ್ಲೂ ಅನೇಕರದ್ದು ಇದೇ ಪಾಡು. ಹೀಗಾಗಲು ಸಾಮಾನ್ಯವಾಗಿ ಎರಡೇ ಕಾರಣ. ಒಂದೋ ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಇಲ್ಲವೇ ಹಾರ್ಡ್ ಡಿಸ್ಕಿಗೆ ಹೇಳಿದ ಮದ್ದನ್ನು ಎಸ್‌ಎಸ್‌ಡಿಗೆ (ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಲಿಡ್ ಸ್ಟೇಟ್ ಡ್ರೈವ್) ಹಾಕಿರುತ್ತಾರೆ.

ಡಿಲೀಟ್ ಒತ್ತಿದಾಗ ವಿಂಡೋಸ್ ಫೈಲಿನ ಒಳಗಿರುವುದನ್ನು ಮುಟ್ಟುವುದೇ ಇಲ್ಲ. ಅದು ಕುಳಿತ ಜಾಗವನ್ನು ತನ್ನ ಪಟ್ಟಿಯಲ್ಲಿ ‘ಖಾಲಿ’ ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲವಲ್ಲ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ.

ಮುಂದಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆ ಬೇಕಾದಷ್ಟನ್ನು ನಡುವೆ ಹೇಳಿದೆ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಖಾತೆ ಬೇಕು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದ ಫೈಲ್ ಅಳಿಸುವ ಎಸ್‌ಡಿಲೀಟ್, ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಕೊನೆಯ ಪರೀಕ್ಷೆಗೆ ಡಿಸ್ಕಿನ ಒಳಗಿರುವುದನ್ನು ನೇರ ತೋರಿಸುವ ಎಚ್‌ಎಕ್ಸ್‌ಡಿ ಮತ್ತು ಅಳಿದ ಫೈಲ್ ಹುಡುಕಿ ತೆಗೆಯುವ ಫೋಟೋರೆಕ್ ಇಳಿಸಿಕೊಳ್ಳಿ. ಎಲ್ಲವೂ ಉಚಿತ. ಹಂತ 8ರ ಮೊದಲ ಪ್ಯಾರಾವನ್ನು ಈಗಲೇ ಓದಿಕೊಳ್ಳಿ, ಅಲ್ಲಿ ಹೇಳಿದ ಪರೀಕ್ಷೆಯ ಫೈಲನ್ನು ಅಳಿಸುವ ಮೊದಲೇ ಇಡಬೇಕು. ಉಳಿಸಿಕೊಳ್ಳಬೇಕಾದ ಫೈಲ್‌ಗಳನ್ನು ಬೇರೊಂದು ಡ್ರೈವ್‌ಗೆ ನಕಲು ಮಾಡಿ, ಒಂದೆರಡನ್ನು ತೆರೆದು ನೋಡಿ, ಆಮೇಲೆ ಆ ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತು ಬದಿಗಿಡಿ. ಬ್ಯಾಕಪ್ ಡ್ರೈವ್ ಚುಚ್ಚಿಕೊಂಡೇ ಇದ್ದಾಗ ತಪ್ಪು ಡಿಸ್ಕನ್ನು ಅಳಿಸಿಕೊಳ್ಳುವುದು ಈ ಕೆಲಸದ ಅತಿ ದುಬಾರಿ ಎಡವಟ್ಟು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಇಲ್ಲದಿದ್ದರೆ ಕರೆಂಟ್ ನಂಬಿಕೆಗೆ ಅರ್ಹವಾದ ಹೊತ್ತು ನೋಡಿ ಕೂರಿ. ತೆರಿಗೆ, ವ್ಯಾಜ್ಯ ಅಥವಾ ಪೊಲೀಸ್ ತನಿಖೆಗೆ ಸಂಬಂಧಪಟ್ಟ ದಾಖಲೆಗಳನ್ನು ಹೀಗೆ ಅಳಿಸಬೇಡಿ. ಸಾಕ್ಷ್ಯನಾಶ ಬೇರೆಯೇ ಅಪರಾಧ.

## ಹಂತ 1: ಯಾವ ಬಗೆಯ ಡ್ರೈವ್ ಎಂದು ಖಚಿತಪಡಿಸಿಕೊಳ್ಳಿ

ಸ್ಟಾರ್ಟ್ ಮೆನುವಿನಲ್ಲಿ ‘ಡಿಫ್ರಾಗ್’ ಎಂದು ಹುಡುಕಿ, ‘ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್’ ತೆರೆಯಿರಿ. ‘ಮೀಡಿಯಾ ಟೈಪ್’ ಕಾಲಮ್ಮಿನಲ್ಲಿ ಪ್ರತಿ ಡ್ರೈವಿನ ಎದುರು ‘ಹಾರ್ಡ್ ಡಿಸ್ಕ್ ಡ್ರೈವ್’ ಅಥವಾ ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದಿರುತ್ತದೆ. ನೋಡಿ ಮುಚ್ಚಿಬಿಡಿ, ಹಾರ್ಡ್ ಡಿಸ್ಕ್ ಮೇಲೆ ಈಗ ಡಿಫ್ರಾಗ್ ಓಡಿಸಬೇಡಿ. ಅದು ಫೈಲ್‌ಗಳನ್ನು ಆಚೀಚೆ ಸರಿಸಿ, ಅವು ಮೊದಲಿದ್ದ ಜಾಗದಲ್ಲೆಲ್ಲ ಹಳೆಯ ಪ್ರತಿ ಬಿಟ್ಟುಹೋಗುತ್ತದೆ.

ಈ ಒಂದು ಕಾಲಮ್ ಮುಂದಿನ ದಾರಿಯನ್ನೆಲ್ಲ ನಿರ್ಧರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗದ ಮೇಲೆ ಬರೆದರೆ ಸಾಮಾನ್ಯವಾಗಿ ಅದೇ ಜಾಗದ ಮೇಲೆಯೇ ಬೀಳುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಮೆಮೊರಿ ಕೋಶಗಳು ಸಮನಾಗಿ ಸವೆಯಲೆಂದು ಅದರ ಕಂಟ್ರೋಲರ್ ಪ್ರತಿ ಬರಹವನ್ನೂ ಹೊಸ ಕೋಶಕ್ಕೆ ಕಳಿಸುತ್ತದೆ. ನೀವು ‘ಮೇಲೆ ಬರೆದೆ’ ಎಂದುಕೊಳ್ಳುತ್ತೀರಿ, ಹಳೆಯದು ಪಕ್ಕದಲ್ಲೇ ಉಳಿದಿರುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನು ಅಳೆದು ನೋಡಿದ್ದರು. ಒಂದೊಂದೇ ಫೈಲಿನ ಮೇಲೆ ಬರೆದು ಅಳಿಸುವ ಯಾವ ವಿಧಾನ ಬಳಸಿದರೂ ಎಸ್‌ಎಸ್‌ಡಿಯ ಚಿಪ್‌ಗಳಲ್ಲಿ ಫೈಲಿನ ಶೇ. 4ರಿಂದ 75ರಷ್ಟು ಭಾಗ ಉಳಿದಿತ್ತು.

## ಹಂತ 2: ಮೊದಲು ನಕಲುಗಳು, ಆಮೇಲೆ ಮೂಲ

ಹೆಚ್ಚಿನವರು ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಕೆಲಸಕ್ಕೆಂದು ಇಳಿಸಿಕೊಂಡ ಒಂದು ಇ-ಆಧಾರ್ ಪಿಡಿಎಫ್ ಅನ್ನೇ ತೆಗೆದುಕೊಳ್ಳಿ. ಅದು ಡೌನ್‌ಲೋಡ್ಸ್‌ನಲ್ಲಿದೆ. ಪಾಸ್‌ವರ್ಡ್ ಹಾಕಿ ತೆರೆದು, ‘ಪ್ರಿಂಟ್ ಟು ಪಿಡಿಎಫ್’ ಮಾಡಿ ಪಾಸ್‌ವರ್ಡ್ ಇಲ್ಲದ ಇನ್ನೊಂದನ್ನು ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದೀರಿ. ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಜೊತೆ ಸಿಂಕ್ ಆಗುತ್ತಿದೆ. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿದ್ದೀರಿ, ಜಿಮೇಲ್‌ನ ಸೆಂಟ್ ಪೆಟ್ಟಿಗೆಯಲ್ಲೂ ಒಂದಿದೆ. ಝೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್‌ನಲ್ಲಿ ಒಂದು, ಆ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೊಂದು. (ಮೂಲ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯೆಂದು ನಿಶ್ಚಿಂತರಾಗಬೇಡಿ. ಹೆಸರಿನ ಮೊದಲ 4 ಅಕ್ಷರ, ಹುಟ್ಟಿದ ಇಸವಿ, ಇವೆರಡೂ ಗೊತ್ತಿರುವವರಿಗೆ ಅದು ಬೀಗವೇ ಅಲ್ಲ.)

ಇವನ್ನು ಈ ಕ್ರಮದಲ್ಲಿ ತೆಗೆಯಿರಿ.

ಕ್ಲೌಡ್. ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನ ಜಾಲತಾಣಕ್ಕೇ ಹೋಗಿ ಅಳಿಸಿ, ಅಲ್ಲಿನ ಕಸದಬುಟ್ಟಿಯನ್ನೂ ಖಾಲಿ ಮಾಡಿ. ವೈಯಕ್ತಿಕ ಖಾತೆಗಳಲ್ಲಿ ಎರಡೂ 30 ದಿನ ಇಟ್ಟುಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಮಾತ್ರ ಅಳಿಸಿದರೆ ಫೈಲ್ ಅಲ್ಲಿನ ಬುಟ್ಟಿಯಲ್ಲಿ ಆರಾಮಾಗಿ ಕೂತಿರುತ್ತದೆ.

ಮೇಲ್ ಮತ್ತು ಮೆಸೇಜ್. ಸೆಂಟ್, ಡ್ರಾಫ್ಟ್ಸ್, ಟ್ರ್ಯಾಶ್ ಮೂರನ್ನೂ ನೋಡಿ. ಬೇರೆಯವರ ಫೋನಿಗೆ ಹೋದದ್ದು ನಿಮ್ಮ ಕೈ ಮೀರಿತು.

ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇಟ್ಟುಕೊಂಡ ಗುರುತುಗಳು. ಇದನ್ನು ಬಿಟ್ಟರೆ ಹಂತ 3 ನಿಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಡ್ರೈವಿನಲ್ಲಿ ರಿಸ್ಟೋರ್ ಪಾಯಿಂಟ್ ಇದ್ದಾಗ, ಯಾವುದೇ ಜಾಗದ ಮೇಲೆ ಬರೆಯುವ ಮುನ್ನ ಅಲ್ಲಿದ್ದ ಹಳೆಯದನ್ನು ವಿಂಡೋಸ್ ಶ್ಯಾಡೋ ಕಾಪಿಗೆ ಎತ್ತಿಡುತ್ತದೆ. ಅಂದರೆ ಶ್ರೆಡರ್ ಅಳಿಸಲು ಹೊರಟ ಕ್ಷಣದಲ್ಲೇ ಅದರ ತಾಜಾ ನಕಲು ತಯಾರಾಗುತ್ತದೆ. ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಹುಡುಕಿ, ‘ಸಿಸ್ಟಮ್ ಪ್ರೊಟೆಕ್ಷನ್’ ಟ್ಯಾಬಿನಲ್ಲಿ ಡ್ರೈವ್ ಆರಿಸಿ, ‘ಕಾನ್ಫಿಗರ್’ ಒತ್ತಿ, ‘ಡಿಸೇಬಲ್’ ಮಾಡಿ, ಕೆಳಗಿನ ‘ಡಿಲೀಟ್’ ಕೂಡ ಒತ್ತಿ. ಎಲ್ಲ ಕೆಲಸ ಮುಗಿದ ಮೇಲೆ ಮರಳಿ ಆನ್ ಮಾಡಿ. ವಿಂಡೋಸ್‌ನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿ ಬಳಸುವವರು ಅದರ ಬಾಹ್ಯ ಡ್ರೈವಿನಲ್ಲಿರುವ ಪ್ರತಿಗಳನ್ನೂ ತೆಗೆಯಬೇಕು.

ಹೈಬರ್ನೇಷನ್ ಫೈಲ್. ಕಂಪ್ಯೂಟರ್ ಹೈಬರ್ನೇಟ್ ಆಗುವಾಗ ಮೆಮೊರಿಯಲ್ಲಿದ್ದುದನ್ನು ಇದರಲ್ಲಿ ಬರೆದಿಡುತ್ತದೆ. ತೆರೆದಿದ್ದ ದಾಖಲೆಯ ತುಣುಕುಗಳು ಇದರಲ್ಲಿ ಸಿಗುತ್ತವೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’, ಸ್ಪೇಸ್, ಸ್ಲ್ಯಾಷ್, ‘ಎಚ್’, ಸ್ಪೇಸ್, ‘ಆಫ್’ ಎಂದು ಟೈಪಿಸಿದರೆ ಅದು ಅಳಿದುಹೋಗುತ್ತದೆ. ಖಾಲಿ ಜಾಗ ತೊಳೆದ (ಹಂತ 4) ನಂತರ ‘ಆನ್’ ಎಂದು ಕೊಟ್ಟು ಮರಳಿ ಪಡೆಯಬಹುದು.

## ಹಂತ 3: ಹಾರ್ಡ್ ಡಿಸ್ಕಿನಲ್ಲಿರುವ ಒಂದೊಂದು ಫೈಲ್

ಫೈಲನ್ನು ರೀಸೈಕಲ್ ಬಿನ್‌ಗೆ ಹಾಕಬೇಡಿ, ಇರುವ ಜಾಗದಲ್ಲೇ ಅಳಿಸಬೇಕು. ಮೊದಲೇ ಡಿಲೀಟ್ ಮಾಡಿಬಿಟ್ಟಿದ್ದರೆ ಈ ಹಂತದಿಂದ ಪ್ರಯೋಜನವಿಲ್ಲ, ನೇರ ಹಂತ 4ಕ್ಕೆ ಹೋಗಿ.

ಶಿಫ್ಟ್ ಹಿಡಿದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಪಾತ್’ ಆರಿಸಿ. ಎಸ್‌ಡಿಲೀಟ್ ಇರುವ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಎಸ್‌ಡಿಲೀಟ್ ಹೆಸರು ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಪಾತ್ ಅನ್ನು ಪೇಸ್ಟ್ ಮಾಡಿ ಎಂಟರ್ ಒತ್ತಿ. ಪಾತ್ ಕೈಯಿಂದ ಟೈಪ್ ಮಾಡಲು ಹೋಗಬೇಡಿ. ಹೆಸರಿನ ನಡುವೆ ಸ್ಪೇಸ್ ಇದ್ದು ಉದ್ಧರಣ ಚಿಹ್ನೆ ಮರೆತರೆ ತಪ್ಪು ಫೈಲ್ ಹೋದೀತು. ನಕ್ಷತ್ರ ಚಿಹ್ನೆಯನ್ನಂತೂ ಇಲ್ಲಿ ಬಳಸಲೇಬೇಡಿ.

ಎಸ್‌ಡಿಲೀಟ್ ಫೈಲಿನ ಮೇಲೆ ಬರೆದ ನಂತರ ಅದರ ಹೆಸರನ್ನೂ 26 ಸಲ ಬದಲಿಸುತ್ತದೆ. ಹೆಸರಿನ ಅಕ್ಷರಗಳೆಲ್ಲ ಒಮ್ಮೆ ‘ಎ’, ಮತ್ತೊಮ್ಮೆ ‘ಬಿ’, ಹೀಗೆ ‘ಝಡ್’ ತನಕ. ಬೇರೆ ಕೆಲವು ಶ್ರೆಡರ್‌ಗಳಲ್ಲಿ ಒಳಗಿನದು ಅಳಿದರೂ ಖಾತೆ ಸಂಖ್ಯೆ ಬರೆದಿಟ್ಟ ಹೆಸರು ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ.

ಎಷ್ಟು ಸಲ ಬರೆಯಬೇಕು? ಒಂದು ಸಲ ಸಾಕು. ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ 1996ರಲ್ಲಿ ಹೇಳಿದ 35 ಸುತ್ತುಗಳು ಆ ಕಾಲದ ಬೇರೆ ಬೇರೆ ಡಿಸ್ಕ್ ತಂತ್ರಗಳಿಗೆಲ್ಲ ಸೇರಿಸಿ ಮಾಡಿದ ಪಟ್ಟಿ. ಈಗಿನ ಡಿಸ್ಕಿಗೆ ಅದು ಬೇಕಿಲ್ಲವೆಂದು ಅವರೇ ಆಮೇಲೆ ಸ್ಪಷ್ಟಪಡಿಸಿದ್ದಾರೆ. 35 ಸುತ್ತು ಓಡಿಸುವವರು ಡಿಸ್ಕಿನ ಆಯಸ್ಸು ಕಳೆಯುತ್ತಾರೆ, ಬೇರೇನೂ ಆಗುವುದಿಲ್ಲ.

ಲಿನಕ್ಸ್‌ನ ‘ಶ್ರೆಡ್’ ಇದೇ ಕೆಲಸ ಮಾಡುತ್ತದೆ. ಆದರೆ ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್‌ನಂಥ ಫೈಲ್ ವ್ಯವಸ್ಥೆಗಳು ಪ್ರತಿ ಬರಹವನ್ನೂ ಹೊಸ ಜಾಗದಲ್ಲಿಡುವುದರಿಂದ ಅಲ್ಲಿ ಅದು ನಿರರ್ಥಕ.

## ಹಂತ 4: ಹಾರ್ಡ್ ಡಿಸ್ಕಿನ ಖಾಲಿ ಜಾಗ ತೊಳೆಯುವುದು

ಒಂದು ಫೈಲನ್ನು ಎಷ್ಟೇ ಚೆನ್ನಾಗಿ ಅಳಿಸಿದರೂ ಈ ಹಂತ ಬೇಕೇ ಬೇಕು. ವರ್ಡ್‌ನಲ್ಲಿ ಸೇವ್ ಒತ್ತಿದಾಗ ಅದು ಹಳೆಯ ಫೈಲಿನ ಮೇಲೆ ಬರೆಯುವುದಿಲ್ಲ. ಹೊಸದೊಂದು ತಾತ್ಕಾಲಿಕ ಫೈಲ್ ಬರೆದು, ಹೆಸರು ಬದಲಿಸಿ, ಹಳೆಯದನ್ನು ಡಿಲೀಟ್ ಮಾಡುತ್ತದೆ. ಹಾಗಾಗಿ ಪತ್ರವೊಂದನ್ನು ಹಲವು ಸಲ ತಿದ್ದಿದ್ದರೆ ಅದರ ಹಿಂದಿನ ಅವತಾರಗಳು ಖಾಲಿ ಜಾಗದಲ್ಲಿ ಬಿದ್ದಿರಬಹುದು. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ‘ಕಟ್-ಪೇಸ್ಟ್’ ಮಾಡಿದಾಗಲೂ ಮೊದಲ ಡ್ರೈವಿನಲ್ಲಿ ಪ್ರತಿ ಉಳಿಯುತ್ತದೆ.

ವಿಂಡೋಸ್‌ನಲ್ಲೇ ಇರುವ ಸೈಫರ್ ಸಾಕು. ಎಲ್ಲ ತಂತ್ರಾಂಶಗಳನ್ನೂ ಮುಚ್ಚಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೈಫರ್ (ಸಿ, ಐ, ಪಿ, ಎಚ್, ಇ, ಆರ್), ಸ್ಪೇಸ್, ಸ್ಲ್ಯಾಷ್, ‘ಡಬ್ಲ್ಯು’, ಕೋಲನ್, ಡ್ರೈವಿನ ಅಕ್ಷರ, ಮತ್ತೆ ಕೋಲನ್, ಇಷ್ಟು ಟೈಪಿಸಿ ಎಂಟರ್ ಒತ್ತಿ. ಅದು ಖಾಲಿ ಜಾಗದ ಮೇಲೆ ಮೂರು ಸುತ್ತು ಬರೆಯುತ್ತದೆ: ಮೊದಲು ಎಲ್ಲ ಸೊನ್ನೆ, ಆಮೇಲೆ ಎಲ್ಲ ಒಂದು, ಕೊನೆಗೆ ಯಾದೃಚ್ಛಿಕ. ಇರುವ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 150 ಎಂಬಿ ಬರೆಯುವ ಡಿಸ್ಕಿನಲ್ಲಿ 1 ಟಿಬಿ ಖಾಲಿ ಜಾಗಕ್ಕೆ ಒಂದು ಸುತ್ತಿಗೆ ಸುಮಾರು 2 ಗಂಟೆ, ಮೂರಕ್ಕೆ 6 ಗಂಟೆ. ನಡುವೆ ಡ್ರೈವ್ ‘ಫುಲ್’ ಎಂದು ಕೆಂಪಾಗುತ್ತದೆ. ಗಾಬರಿಯಾಗಬೇಡಿ, ಕೆಲಸ ನಡೆಯುತ್ತಿರುವ ಲಕ್ಷಣ ಅದು. ಕರೆಂಟ್ ಹೋಗಿ ನಿಂತುಬಿಟ್ಟರೆ ಡ್ರೈವಿನ ಮೊದಲ ಮಟ್ಟದಲ್ಲಿ ‘ಇ-ಎಫ್-ಎಸ್-ಟಿ-ಎಂ-ಪಿ-ಡಬ್ಲ್ಯು-ಪಿ’ ಎಂಬ ಅಡಗಿದ ಫೋಲ್ಡರ್ ಜಾಗವನ್ನೆಲ್ಲ ನುಂಗಿಕೊಂಡು ಕೂತಿರುತ್ತದೆ. ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಓಡಿಸಿ.

## ಹಂತ 5: ಎಸ್‌ಎಸ್‌ಡಿಯಲ್ಲಿ ಬೇರೆ ದಾರಿ

ಎಸ್‌ಎಸ್‌ಡಿ ಮೇಲೆ ಎಸ್‌ಡಿಲೀಟ್, ಸೈಫರ್ ಓಡಿಸಬೇಡಿ. ಖಾತರಿ ಸಿಗುವುದಿಲ್ಲ, ಸವೆತ ಮಾತ್ರ ಸಿಗುತ್ತದೆ. ಇಲ್ಲಿ ಎರಡು ಆಸರೆಗಳಿವೆ.

ಮೊದಲನೆಯದು ಟ್ರಿಮ್. ಫೈಲ್ ಡಿಲೀಟ್ ಆದಾಗ ‘ಈ ಜಾಗ ಇನ್ನು ಬೇಡ’ ಎಂದು ವಿಂಡೋಸ್ ಡ್ರೈವಿಗೆ ಹೇಳುತ್ತದೆ, ಡ್ರೈವ್ ಬಿಡುವಾದಾಗ ಅದನ್ನು ನಿಜವಾಗಿ ಅಳಿಸುತ್ತದೆ. ಹಂತ 2 ಮುಗಿಸಿ, ಫೈಲ್ ಡಿಲೀಟ್ ಮಾಡಿ, ಬಿನ್ ಖಾಲಿ ಮಾಡಿ, ಹಂತ 1ರಲ್ಲಿ ತೆರೆದ ಕಿಟಕಿಯಲ್ಲೇ ಎಸ್‌ಎಸ್‌ಡಿ ಆರಿಸಿ ‘ಆಪ್ಟಿಮೈಸ್’ ಒತ್ತಿ. ಎಸ್‌ಎಸ್‌ಡಿಗೆ ಅದು ಡಿಫ್ರಾಗ್ ಬದಲು ಟ್ರಿಮ್ ಕಳಿಸುತ್ತದೆ. ಆಮೇಲೆ ಕಂಪ್ಯೂಟರನ್ನು ಕೂಡಲೇ ಆರಿಸದೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಿ. ಇಷ್ಟಾದರೆ ಸಾಮಾನ್ಯ ರಿಕವರಿ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲ. ಚಿಪ್ ಕಿತ್ತು ಓದುವ ಪ್ರಯೋಗಾಲಯದ ಮಾತು ಬೇರೆ.

ಎರಡನೆಯದು ಗೂಢಲಿಪೀಕರಣ, ಅಂದರೆ ಎನ್‌ಕ್ರಿಪ್ಷನ್. ಇದೇ ಗಟ್ಟಿ ದಾರಿ. ಡ್ರೈವಿನಲ್ಲಿರುವುದೆಲ್ಲ ಮೊದಲೇ ಎನ್‌ಕ್ರಿಪ್ಟ್ ಆಗಿದ್ದರೆ ಕೀಲಿಯೊಂದನ್ನು ನಾಶ ಮಾಡಿದರೆ ಸಾಕು, ಚಿಪ್‌ನಲ್ಲಿ ಉಳಿದ ತುಣುಕುಗಳೂ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ, ಹೋಮ್‌ನಲ್ಲಿ ಅನೇಕ ಲ್ಯಾಪ್‌ಟಾಪ್‌ಗಳಿಗೆ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆ, ಎರಡೂ ಇಲ್ಲದವರಿಗೆ ವೆರಾಕ್ರಿಪ್ಟ್ ಇದೆ. ಬಿಟ್‌ಲಾಕರ್ ಆನ್ ಮಾಡುವಾಗ ‘ಯೂಸ್ಡ್ ಡಿಸ್ಕ್ ಸ್ಪೇಸ್ ಓನ್ಲಿ’ ಮತ್ತು ‘ಎಂಟೈರ್ ಡ್ರೈವ್’ ಎಂಬ ಎರಡು ಆಯ್ಕೆ ಬರುತ್ತವೆ. ಹಳೆಯ, ಬಳಸಿದ ಡ್ರೈವ್‌ಗೆ ಎರಡನೆಯದನ್ನೇ ಆರಿಸಿ. ಮೊದಲನೆಯದು ಹಿಂದೆ ಡಿಲೀಟ್ ಆದದ್ದನ್ನು ಮುಟ್ಟುವುದಿಲ್ಲ.

ರಿಕವರಿ ಕೀಲಿ ಎಲ್ಲಿದೆ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಉಳಿದಿರುತ್ತದೆ. ಬಳಸುವಷ್ಟು ಕಾಲ ಅದು ಬೇಕು, ಕಳೆದುಹೋದರೆ ನಿಮ್ಮ ಫೈಲೂ ನಿಮಗಿಲ್ಲ. ಡ್ರೈವ್ ಕೈಬಿಡುವ ದಿನ ಮಾತ್ರ ಖಾತೆಯಿಂದಲೂ ಅಳಿಸಿ. 2024ರ ವಿಂಡೋಸ್ 11 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆ ಕೊಟ್ಟರೆ ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ. ಗೊತ್ತಿಲ್ಲದೇ ಕೀಲಿ ಕಳೆದುಕೊಂಡವರು ಇದ್ದಾರೆ.

ಮ್ಯಾಕ್‌ನವರು ‘ಸೆಕ್ಯೂರ್ ಎಂಪ್ಟಿ ಟ್ರ್ಯಾಶ್’ ಹುಡುಕಬೇಡಿ, 2015ರ ಎಲ್ ಕ್ಯಾಪಿಟನ್ ಆವೃತ್ತಿಯಲ್ಲೇ ಆಪಲ್ ಅದನ್ನು ತೆಗೆದುಹಾಕಿದೆ. ಮ್ಯಾಕ್‌ನ ಎನ್‌ಕ್ರಿಪ್ಷನ್ ಸೌಲಭ್ಯವಾದ ಫೈಲ್‌ವಾಲ್ಟ್ ಆನ್ ಇಡಿ. ಮಾರುವಾಗ ಟಿ2 ಅಥವಾ ಆಪಲ್ ಸಿಲಿಕಾನ್ ಚಿಪ್ ಇರುವ ಯಂತ್ರಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್’ ಒತ್ತಿದರೆ ಮುಗಿಯಿತು. ಮಾಂಟೆರೇ ಮತ್ತು ನಂತರದ ಆವೃತ್ತಿಗಳಲ್ಲಿ ಇದು ಸಿಗುತ್ತದೆ.

## ಹಂತ 6: ಮಾರುವ ಮುನ್ನ ಇಡೀ ಡ್ರೈವ್

ಬೆಂಗಳೂರಿನ ಎಸ್.ಪಿ. ರೋಡಿಗೋ ಆನ್‌ಲೈನ್ ಎಕ್ಸ್‌ಚೇಂಜಿಗೋ ಕೊಡುವ ಮುನ್ನ ‘ಕ್ವಿಕ್ ಫಾರ್ಮ್ಯಾಟ್’ ಒತ್ತಿ ಕೈತೊಳೆದುಕೊಳ್ಳುವುದು ಸಾಮಾನ್ಯ. ಅದು ಪಟ್ಟಿಯನ್ನಷ್ಟೇ ಅಳಿಸುತ್ತದೆ.

ಹೆಚ್ಚುವರಿ ಅಥವಾ ಬಾಹ್ಯ ಹಾರ್ಡ್ ಡಿಸ್ಕ್. ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ ತೆರೆಯಿರಿ. ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಸಂಖ್ಯೆ ಮತ್ತು ಗಾತ್ರದ ಪಟ್ಟಿ ಬರುತ್ತದೆ. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ ಎಂದೂ 500 ಜಿಬಿಯದು 465 ಎಂದೂ ಕಾಣುತ್ತದೆ. ‘ಸೆಲೆಕ್ಟ್ ಡಿಸ್ಕ್’ ಮುಂದೆ ಸಂಖ್ಯೆ ಹಾಕಿ ಆರಿಸಿ. ಈಗ ನಿಲ್ಲಿ. ‘ಡೀಟೇಲ್ ಡಿಸ್ಕ್’ ಕೊಟ್ಟು, ಬರುವ ಮಾಡೆಲ್ ಹೆಸರನ್ನು ಡಿಸ್ಕಿನ ಮೇಲಿನ ಚೀಟಿಯ ಜೊತೆ ತಾಳೆ ನೋಡಿ. ಸರಿಯಿದ್ದರೆ ಮಾತ್ರ ‘ಕ್ಲೀನ್ ಆಲ್’. ಎಂಟರ್ ಒತ್ತಿದ ಮೇಲೆ ‘ಖಚಿತವೇ?’ ಎಂದು ಅದು ಕೇಳುವುದಿಲ್ಲ. ಎಷ್ಟಾಯಿತೆಂದೂ ತೋರಿಸುವುದಿಲ್ಲ, ಕರ್ಸರ್ ಮಿನುಗುತ್ತಾ ಇರುತ್ತದೆ. ಯುಎಸ್‌ಬಿ 2.0 ಕೇಬಲಿನಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ 1 ಟಿಬಿಗೆ 9 ಗಂಟೆ ಮೀರುತ್ತದೆ. ಹೆಪ್ಪುಗಟ್ಟಿತೆಂದು ಮುಚ್ಚಬೇಡಿ, ಟಾಸ್ಕ್ ಮ್ಯಾನೇಜರಿನಲ್ಲಿ ಬರೆಯುವ ವೇಗ ನೋಡಿ ಸಮಾಧಾನಪಟ್ಟುಕೊಳ್ಳಿ. ‘ಆಲ್’ ಮರೆತು ಬರೀ ‘ಕ್ಲೀನ್’ ಕೊಟ್ಟರೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ಒಳಗಿನದೆಲ್ಲ ಹಾಗೇ ಇರುತ್ತದೆ.

ವಿಂಡೋಸ್ ಇರುವ ಡ್ರೈವ್. ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವರಿಥಿಂಗ್’ ಆರಿಸಿ, ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಅನ್ನು ‘ಯೆಸ್’ ಮಾಡಿ. ಈ ಸ್ವಿಚ್ ಮೊದಲಿಗೆ ಆಫ್ ಇರುತ್ತದೆ.

ಎಸ್‌ಎಸ್‌ಡಿ. ಅನೇಕ ಯಂತ್ರಗಳ ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ ಪರದೆ) ‘ಸೆಕ್ಯೂರ್ ಇರೇಸ್’ ಇರುತ್ತದೆ. ಇಲ್ಲದಿದ್ದರೆ ತಯಾರಕರ ತಂತ್ರಾಂಶ ಬಳಸಿ: ಸ್ಯಾಮ್‌ಸಂಗ್‌ಗೆ ಮ್ಯಾಜಿಶಿಯನ್, ಕ್ರೂಷಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯೂಟಿವ್. ಇದು ಡ್ರೈವಿನ ಒಳಗಿನ ಕಂಟ್ರೋಲರ್‌ಗೇ ಕೊಡುವ ಆದೇಶ, ಆದ್ದರಿಂದ ವಿಂಡೋಸ್‌ಗೆ ಕಾಣದ ಮೀಸಲು ಕೋಶಗಳನ್ನೂ ತಲುಪುತ್ತದೆ. ಡ್ರೈವ್ ‘ಫ್ರೋಜನ್’ ಎಂದು ಬಂದರೆ ಯಂತ್ರವನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಬಹುಪಾಲು ಸಡಿಲವಾಗುತ್ತದೆ. ಯುಎಸ್‌ಬಿ ಡಬ್ಬಿಯಲ್ಲಿಟ್ಟ ಎಸ್‌ಎಸ್‌ಡಿಗೆ ಈ ಆದೇಶ ಎಷ್ಟೋ ಸಲ ತಲುಪುವುದೇ ಇಲ್ಲ, ಮದರ್‌ಬೋರ್ಡಿಗೇ ಸಿಕ್ಕಿಸಿ ಮಾಡಿ.

## ಹಂತ 7: ಪೆನ್‌ಡ್ರೈವ್, ಮೆಮೊರಿ ಕಾರ್ಡ್

ಇವೂ ಫ್ಲ್ಯಾಶ್ ಮೆಮೊರಿಯೇ, ಆದರೆ ಬಹುತೇಕ ಇವಕ್ಕೆ ಟ್ರಿಮ್ಮೂ ಇಲ್ಲ, ಸೆಕ್ಯೂರ್ ಇರೇಸೂ ಇಲ್ಲ. ಮನೆಯಲ್ಲೇ ಉಳಿಯುವುದಾದರೆ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಎರಡು ಸಲ ಮಾಡಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಲ್ಲೆಡೆ ಸೊನ್ನೆ ಬರೆಯುತ್ತದೆ. ಬೇರೆಯವರ ಕೈಗೆ ಹೋಗುವುದಿದ್ದು ಒಳಗೆ ಗುರುತಿನ ಚೀಟಿ, ಬ್ಯಾಂಕ್ ಕಾಗದ ಇದ್ದಿದ್ದರೆ ಕೊಡಬೇಡಿ, ಒಡೆದುಹಾಕಿ.

## ಹಂತ 8: ಅಳಿಸಿತೇ ಎಂದು ಪರೀಕ್ಷಿಸಿ

ಅಳಿಸುವ ಮೊದಲೇ ಒಂದು ಬೇಹುಗಾರ ಫೈಲ್ ನೆಡಿ. ನೋಟ್‌ಪ್ಯಾಡಿನಲ್ಲಿ ಬೇರೆಲ್ಲೂ ಬರಲಾರದ ಇಂಗ್ಲಿಷ್ ಅಕ್ಷರಮಾಲೆಯೊಂದನ್ನು ಸಾವಿರಾರು ಸಲ ಪೇಸ್ಟ್ ಮಾಡಿ, 1 ಎಂಬಿಗಿಂತ ದೊಡ್ಡದಾಗಿಸಿ, ಉಳಿದವುಗಳ ಜೊತೆಗೇ ಮಾಮೂಲಿ ಡಿಲೀಟ್ ಮಾಡಿ. ತೀರಾ ಚಿಕ್ಕದಾದರೆ ಅದು ವಿಂಡೋಸ್‌ನ ಪಟ್ಟಿಯ ಒಳಗೇ ಕುಳಿತುಬಿಡುತ್ತದೆ, ಪರೀಕ್ಷೆ ಹಾದಿ ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಎಚ್‌ಎಕ್ಸ್‌ಡಿಯನ್ನು ಅಡ್ಮಿನ್ ಆಗಿ ತೆರೆದು, ‘ರೀಡ್ ಓನ್ಲಿ’ ಗುರುತು ಇದೆಯೆಂದು ನೋಡಿ, ಡಿಸ್ಕ್ ತೆರೆದು ಆ ಅಕ್ಷರಮಾಲೆಯನ್ನು ಹುಡುಕಿ. ಸಿಗಬಾರದು. ‘ಕ್ಲೀನ್ ಆಲ್’ ಆದ ಡಿಸ್ಕಿನಲ್ಲಿ ಎಲ್ಲಿ ನೋಡಿದರೂ ಸೊನ್ನೆಗಳ ಸಾಲೇ ಕಾಣಬೇಕು. ಮೇಲೊಂದು ಸಲ ಫೋಟೋರೆಕ್ ಓಡಿಸಿ, ಅದು ಹೊರತೆಗೆದದ್ದನ್ನು ಉಳಿಸುವ ಜಾಗ ಬೇರೆ ಡ್ರೈವಿನಲ್ಲಿರಲಿ. ಅದೇ ಡ್ರೈವಿಗೆ ಉಳಿಸಿದರೆ ನೀವೇ ಹೊಸ ಪ್ರತಿ ಮಾಡಿದಂತೆ.

ಕೆಲವು ಲಕ್ಷಣ ಕಂಡರೆ ನಂಬಬೇಡಿ. 1 ಟಿಬಿ ಹಾರ್ಡ್ ಡಿಸ್ಕ್ ನಿಮಿಷಗಳಲ್ಲಿ ‘ತೊಳೆದು ಮುಗಿಯಿತು’ ಎಂದು ಬಂದರೆ ಅದು ಸುಳ್ಳು. ಎಸ್‌ಎಸ್‌ಡಿಯಲ್ಲಿ ಒಂದೇ ಫೈಲನ್ನು ಖಾತರಿಯಾಗಿ ಶ್ರೆಡ್ ಮಾಡುತ್ತೇನೆಂದು ದುಡ್ಡು ಕೇಳುವ ತಂತ್ರಾಂಶವೂ ಅಷ್ಟೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ‘ಕಾಷನ್’ ತೋರಿಸಿ ‘ರೀಅಲೊಕೇಟೆಡ್ ಸೆಕ್ಟರ್ಸ್’ ಏರಿದ್ದರೆ, ಡಿಸ್ಕ್ ಕೆಟ್ಟ ಜಾಗಗಳನ್ನು ಪಕ್ಕಕ್ಕಿಟ್ಟಿದೆ ಎಂದರ್ಥ. ಅಲ್ಲಿನ ಹಳೆಯ ತುಣುಕುಗಳನ್ನು ಮೇಲಿನ ಯಾವ ಬರಹವೂ ಮುಟ್ಟುವುದಿಲ್ಲ. ಅಂಥದ್ದನ್ನು ಮಾರಬೇಡಿ.

## ಕೆಟ್ಟು ನಿಂತ ಡ್ರೈವ್

ಕಂಪ್ಯೂಟರ್ ಗುರುತಿಸದ ಡ್ರೈವನ್ನು ಅಳಿಸಲಾಗದು, ಒಡೆಯಬೇಕು. ಹಾರ್ಡ್ ಡಿಸ್ಕಾದರೆ ಒಳಗಿನ ತಟ್ಟೆಗಳನ್ನು ದಾಟುವಂತೆ ಮೂರ್ನಾಲ್ಕು ಕಡೆ ಡ್ರಿಲ್ ಮಾಡಿ. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ತಟ್ಟೆ ಅನೇಕ ಸಲ ಗಾಜಿನದು, ಸಿಡಿಯುತ್ತದೆ, ಕನ್ನಡಕ ಮತ್ತು ಕೈಗವಸು ಕಡ್ಡಾಯ. ಎಸ್‌ಎಸ್‌ಡಿಯಲ್ಲಿ ಬೋರ್ಡನ್ನು ಎರಡು ತುಂಡು ಮಾಡಿದರೆ ಸಾಲದು. ಕಪ್ಪು ಚೌಕದಂಥ ಪ್ರತಿ ಮೆಮೊರಿ ಚಿಪ್ಪೂ ಒಡೆಯಬೇಕು, ಕೆಲವುದರಲ್ಲಿ ಚಿಪ್‌ಗಳು ಎರಡೂ ಬದಿಗೆ ಇರುತ್ತವೆ. ಅಯಸ್ಕಾಂತದಿಂದ ಎಸ್‌ಎಸ್‌ಡಿಗೆ ಏನೂ ಆಗದು. ಬೆಂಕಿಗೆ ಹಾಕಬೇಡಿ, ಹೊಗೆ ವಿಷ. ಉಳಿದ ಚೂರುಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಘಟಕಕ್ಕೆ ಕೊಡಿ.

ವಾರಂಟಿ ಇನ್ನೂ ಇದೆಯೆಂದು ಸರ್ವಿಸ್ ಸೆಂಟರಿಗೆ ಒಯ್ಯುವ ಮುನ್ನ ಒಮ್ಮೆ ಯೋಚಿಸಿ. ಹೊಸ ಡ್ರೈವ್ ಕೊಟ್ಟಾಗ ಹಳೆಯದನ್ನು ಸಾಮಾನ್ಯವಾಗಿ ಅವರೇ ಇಟ್ಟುಕೊಳ್ಳುತ್ತಾರೆ. ಅದು ಎನ್‌ಕ್ರಿಪ್ಟ್ ಆಗಿದ್ದರೆ ಚಿಂತೆಯಿಲ್ಲ. ಆಗಿಲ್ಲದಿದ್ದರೆ ವಾರಂಟಿಯ ಹಣ ದೊಡ್ಡದೋ ಒಳಗಿನ ಕಾಗದಪತ್ರ ದೊಡ್ಡದೋ ಎಂದು ಲೆಕ್ಕ ಹಾಕಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಕಚೇರಿ ಬಳಕೆಯ ಲ್ಯಾಪ್‌ಟಾಪ್‌ಗಳಿಗೆ ಕೆಟ್ಟ ಡ್ರೈವನ್ನು ನಿಮ್ಮ ಬಳಿಯೇ ಉಳಿಸಿಕೊಳ್ಳುವ ಸೇವೆಯನ್ನು ಹೆಚ್ಚುವರಿ ಹಣಕ್ಕೆ ಕೊಳ್ಳಬಹುದು. ಬಿಲ್ ಮಾಡಿಸುವಾಗಲೇ ಕೇಳಿ ಸೇರಿಸಿಕೊಳ್ಳಿ.